ನಡುಗುತ್ತಿರುವುದು ನಾನೇ, ನೆಲವಲ್ಲ

ಜಪಾನಿನ ರಂಗದ ಮೇಲೆ ನಾನು ಮೊದಲ ಸಲ ಕಾಲಿಟ್ಟಾಗ ಇನ್ನೂ ಬಾಯಿ ತೆರೆದಿರಲಿಲ್ಲ, ಆಗಲೇ ಜನ ನಕ್ಕುಬಿಟ್ಟರು.

ಹಾಸ್ಯ ಪಾತ್ರ ಮಾಡುವವಳಿಗೆ ಇದಕ್ಕಿಂತ ಭಾಗ್ಯ ಏನಿದೆ ಎಂದು ನೀವು ಕೇಳಬಹುದು. ನನಗೆ ಮಾತ್ರ ಕೈಕಾಲು ತಣ್ಣಗಾದವು. ಏಕೆಂದರೆ ನಗಿಸುವಂಥದ್ದನ್ನು ನಾನು ಏನೂ ಮಾಡಿರಲಿಲ್ಲ. ನಮ್ಮ ಕಂಪನಿ ನಾಟಕದವರು ಯಾರೇ ಆಗಲಿ ಮಾಡುವುದನ್ನೇ ಮಾಡಿದ್ದೆ: ಪರದೆಯ ಬದಿಯಿಂದ ಹೊರಗೆ ಬರುತ್ತ ಬಗ್ಗಿ, ಬಲಗೈಯಿಂದ ಹಲಗೆ ಮುಟ್ಟಿ, ಆ ಕೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದೆ. ಅಷ್ಟೇ. ನಮ್ಮಲ್ಲಿ ರಾಜನ ಪಾತ್ರದವನೂ ಇದನ್ನು ಮಾಡುತ್ತಾನೆ, ತಬಲಾದವನೂ ಮಾಡುತ್ತಾನೆ, ಕುಡಿದು ತೂರಾಡುತ್ತ ಬಂದ ಖಳನಾಯಕನೂ ಮಾಡುತ್ತಾನೆ. ಯಾರೂ ನಗುವುದಿಲ್ಲ. ನಗುವುದಿರಲಿ, ಯಾರೂ ಅದನ್ನು ನೋಡುವುದೂ ಇಲ್ಲ. ನಗೋಯಾದ ಆ ಸಣ್ಣ ಸಭಾಂಗಣದಲ್ಲಿ ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕೂತಿದ್ದ ಹಿರಿಯರು ಅದನ್ನು ನೋಡಿದರು, ಮತ್ತು ನಕ್ಕರು. ಸೀರೆ ಉಟ್ಟ ವಿದೇಶಿ ಹೆಂಗಸು ಬಂದವಳೇ ನೆಲದಲ್ಲಿ ಧೂಳಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ ಕಣ್ಣಿಗೆ ಒರೆಸಿಕೊಂಡಳು ಎಂದು ಅವರಿಗೆ ಕಂಡಿರಬೇಕು.

ಆಮೇಲೆ ನಾನು ಜಪಾನಿ ಭಾಷೆಯಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದ ಹಾಸ್ಯವನ್ನೆಲ್ಲ ಹೇಳಿದೆ. ಒಬ್ಬರೂ ನಗಲಿಲ್ಲ. ನಮ್ಮ ಕಡೆ ಹಿಡಿಸದಿದ್ದರೆ "ಏ, ಒಳಗ ನಡಿ ಸಾಕು" ಎಂದು ಕೂಗುತ್ತಾರೆ, ಶಿಳ್ಳೆ ಹೊಡೆಯುತ್ತಾರೆ, ಯಾರೋ ಒಬ್ಬ ಶೇಂಗಾ ಸಿಪ್ಪೆ ಎಸೆಯುತ್ತಾನೆ. ಬೈದಾದರೂ ನಮ್ಮ ಜೊತೆ ಮಾತಾಡುತ್ತಾರೆ. ಇಲ್ಲಿಯ ಜನ ಕೈ ಮಡಚಿಕೊಂಡು, ಬಹಳ ಮರ್ಯಾದೆಯಿಂದ, ನಾನು ಮುಗಿಸುವುದನ್ನೇ ಕಾಯುತ್ತಿದ್ದರು. ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು. ಅಂಥ ಮೌನವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ.

ನಾನು ಯಾರೆಂದು ಹೇಳಬೇಕು. ಗದಗಿನ ಕಡೆಯವಳು, ರೇಣುಕಾ. ಕಂಪನಿಯಲ್ಲಿ ರೇಣವ್ವ. ಅವ್ವ ಕಂಪನಿಯಲ್ಲಿ ಹಾಡುತ್ತಿದ್ದಳು, ಹಾಗಾಗಿ ನಾನು ಕಣ್ಣು ಬಿಟ್ಟದ್ದೇ ತಗಡಿನ ಥಿಯೇಟರಿನಲ್ಲಿ. ಬಾಲನಟಿಯಾಗಿ ಶುರು ಮಾಡಿ, ಮೈ ಬಂದ ಮೇಲೆ ಹಾಸ್ಯಕ್ಕೆ ಬಿದ್ದೆ. ನಾಯಕಿಯ ಗೆಳತಿ, ಗಂಡನನ್ನು ಹೊಡೆಯುವ ಹೆಂಡತಿ, ಬಾಯಿಬಡುಕಿ ಅತ್ತೆ. ಜಾತ್ರೆಯ ಕ್ಯಾಂಪುಗಳಲ್ಲಿ, ಅಂದರೆ ಕಂಪನಿ ಊರೂರಿಗೆ ಹೋಗಿ ಬೀಡುಬಿಟ್ಟಲ್ಲಿ, ನನ್ನ ಪಾತ್ರ ಬಂದಾಗ ಜನ 'ವನ್ಸ್ ಮೋರ್' ಎಂದು ಕೂಗಿದರೆ ಅದೇ ದೃಶ್ಯ ಮತ್ತೆ ಮಾಡುತ್ತಿದ್ದೆ.

ಮೊದಲ ಸಲ ಬಣ್ಣ ಹಚ್ಚಿದ ದಿನ ಪರದೆಯ ಹಿಂದೆ ಥರಥರ ನಡುಗುತ್ತಿದ್ದೆನಂತೆ. ಆಗ ಕಂಪನಿಯ ಹಾಸ್ಯ ನಟಿ ಗಂಗಕ್ಕ, ಮುಂದೆ ನನಗೆ ಗುರುವಾದವಳು, ನನ್ನ ಕೈ ಹಿಡಿದು ಹಲಗೆಗೆ ಒತ್ತಿದಳು. "ನೆಲಾ ಮುಟ್ಟು ಕೂಸ. ನಿನ್ನ ನಡುಕ ಅದಕ್ಕ ಕೊಡು. ಅದು ದೊಡ್ಡದೈತಿ, ತಡಕೋತೈತಿ" ಅಂದಳು. ಅವತ್ತಿನಿಂದ ಒಂದು ಸಲವೂ ಮುಟ್ಟದೆ ರಂಗ ಹತ್ತಿದವಳಲ್ಲ. ದೇವರು ದಿಂಡರು ನನಗೆ ಅಷ್ಟಕ್ಕಷ್ಟೇ. ಆದರೆ ಹಲಗೆ ಮುಟ್ಟಿದರೆ ನಡುಕ ಹೋಗುತ್ತದೆ ಎಂಬುದು ಖರೆ.

ನನ್ನ ಗಂಡ ಮಹಾಂತೇಶ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಧಾರವಾಡದ ಕ್ಯಾಂಪಿನಲ್ಲಿ ದಿನಾ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ತಡವಾಗಿ ನಗುತ್ತಿದ್ದ ಮನುಷ್ಯ. ಆ ತಡವಾದ ನಗುವೇ ನನ್ನನ್ನು ಮರುಳು ಮಾಡಿತು. ಮದುವೆಯಾದ ಮೇಲೂ ನನ್ನ ಬಣ್ಣ ಬಿಡಿಸಲಿಲ್ಲ. ಅವನಿಗೆ ನಗೋಯಾದಲ್ಲಿ ಕೆಲಸವಾದಾಗ ಮಗಳು ಚಿನ್ನು ಇನ್ನೂ ತೊದಲುತ್ತಿದ್ದಳು. ನಾನು ಟ್ರಂಕಿನಲ್ಲಿ ಸೀರೆ, ಜೋಳದ ಹಿಟ್ಟು, ಗೆಜ್ಜೆ ತುಂಬಿಕೊಂಡು ಬಂದೆ.

ಬಂದ ಮೇಲೆ ಗೊತ್ತಾಯಿತು, ಇದು ಸದ್ದಿಲ್ಲದ ಊರು. ಸುರಂಗದ ರೈಲಿನಲ್ಲಿ ಅಷ್ಟು ಜನ ಒತ್ತಿಕೊಂಡು ನಿಂತಿರುತ್ತಾರೆ, ಒಂದು ಕೆಮ್ಮಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಇಷ್ಟು ಜನ ಸೇರಿದರೆ ಇಳಿಯುವ ಹೊತ್ತಿಗೆ ಎರಡು ಸಂಬಂಧ ಕುದುರಿರುತ್ತವೆ. ಮನೆ ಸಿಗುವುದಕ್ಕೂ ಒದ್ದಾಡಿದೆವು. ವಿದೇಶಿಯರಿಗೆ ಕೊಡುವುದಿಲ್ಲ ಎಂದು ಮುಖಕ್ಕೆ ಹೇಳುವವರಿಲ್ಲ. ತಲೆ ಬಗ್ಗಿಸಿ, ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು, "ಸ್ವಲ್ಪ ಕಷ್ಟ" ಎನ್ನುತ್ತಾರೆ. ಆ 'ಸ್ವಲ್ಪ'ದ ಅರ್ಥ 'ಆಗುವುದೇ ಇಲ್ಲ' ಎಂದು ತಿಳಿಯಲು ನಮಗೆ ಎಷ್ಟೋ ಮನೆ ಬೇಕಾದವು. ಕೊನೆಗೆ ಸಿಕ್ಕ ಮನೆಯ ಗೋಡೆ ಹಪ್ಪಳದಷ್ಟು ತೆಳ್ಳಗಿತ್ತು. ತಗಡಿನ ಥಿಯೇಟರಿನ ಕೊನೆಯ ಸಾಲಿಗೆ ಮುಟ್ಟುವ ಗಂಟಲು ನನ್ನದು. ಒಂದು ದಿನ ಫೋನಿನಲ್ಲಿ ಗಂಗಕ್ಕನ ಜೊತೆ ನಗುತ್ತಿದ್ದಾಗ ಪಕ್ಕದ ಕಟ್ಟಡದ ಬೆಂಗಳೂರಿನ ಸ್ಮಿತಾ ಓಡಿ ಬಂದಳು.

"ರೇಣು ಅವ್ರೇ, ಪ್ಲೀಸ್, ಇಷ್ಟ್ ಜೋರಾಗಿ ನಗ್ಬೇಡಿ. ನಮ್ಮನೇಗೆ ಕೇಳಿಸ್ತಿದೆ. ಇಲ್ಲಿ ಅವ್ರು ನಿಮ್ಮ ಹತ್ರ ಏನೂ ಹೇಳಲ್ಲ, ನೇರವಾಗಿ ಓನರ್‌ಗೆ ಹೇಳ್ತಾರೆ."

"ಅಳಬಹುದೇನ್ರಿ?" ಎಂದು ಕೇಳಿದೆ.

"ಅದೂ ಮೆತ್ತಗೆ" ಅಂದಳು ಪಾಪ, ತಮಾಷೆ ಎಂದು ಅವಳಿಗೆ ತಿಳಿಯಲಿಲ್ಲ.

ಅವತ್ತಿನಿಂದ ಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದೆ. ಸ್ವಲ್ಪ ದಿನಕ್ಕೆ ಸೆರಗೂ ಬೇಡವಾಯಿತು, ನಗುವೇ ಬರುತ್ತಿರಲಿಲ್ಲ.

ಇನ್ನು ನೆಲದ ಮಾತು. ಬಂದ ಮೊದಲ ತಿಂಗಳಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿದ್ದೆ. ಫೋನು ಹಿಂದೆಂದೂ ಕೇಳಿರದ ಸ್ವರದಲ್ಲಿ ಕಿರುಚಿತು. ಏನೆಂದು ನೋಡುವಷ್ಟರಲ್ಲಿ ಕಪಾಟಿನ ಲೋಟಗಳು ತಾವಾಗಿಯೇ ಮಾತಾಡತೊಡಗಿದವು. ಚಿನ್ನುವನ್ನು ಎತ್ತಿಕೊಂಡು ಮೇಜಿನ ಕೆಳಗೆ ಹೋಗಿ, ಅಭ್ಯಾಸಬಲದಿಂದ ಬಲಗೈಯನ್ನು ನೆಲಕ್ಕೆ ಒತ್ತಿದೆ. ನೆಲವೇ ನಡುಗುತ್ತಿತ್ತು. ನನ್ನ ನಡುಕ ಯಾರಿಗೆ ಕೊಡಲಿ? ಅಂಥ ಹೆದರಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಫೋನು ಕೂಗಿದ್ದು ಭೂಕಂಪದ ಎಚ್ಚರಿಕೆಯಂತೆ, ಬಂದದ್ದು ಸಣ್ಣದಂತೆ, ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನೂ ನಿಲ್ಲಿಸಿರಲಿಲ್ಲ. ಇಲ್ಲಿಯವರು ದೊಡ್ಡದೊಂದು ಯಾವತ್ತಾದರೂ ಬರುತ್ತದೆ ಎಂದು ಮೊದಲೇ ತಿಳಿದು, ಬಾಗಿಲ ಹತ್ತಿರ ನೀರು ಬಿಸ್ಕತ್ತು ತುಂಬಿದ ಚೀಲ ಇಟ್ಟುಕೊಂಡು, ದಿನಾ ಶಾಂತವಾಗಿ ಕೆಲಸಕ್ಕೆ ಹೋಗುತ್ತಾರೆ. ನಾನೂ ಚೀಲ ಇಟ್ಟೆ. ಶಾಂತಿ ಮಾತ್ರ ಬರಲಿಲ್ಲ.

ನಮ್ಮ ವಾರ್ಡಿನ ಸಭಾಭವನದಲ್ಲಿ ವಿದೇಶಿಯರಿಗೆ ಭಾಷೆ ಕಲಿಸುತ್ತಿದ್ದರು. ಅಲ್ಲಿಯ ಟೀಚರಮ್ಮ ಒಂದು ಮಧ್ಯಾಹ್ನ ನಮ್ಮನ್ನೆಲ್ಲ ಯೋಸೆಗೆ ಕರೆದುಕೊಂಡು ಹೋದರು. ಯೋಸೆ ಎಂದರೆ ಹಳೆಯ ಕಾಲದ ವಿನೋದ ಮಂದಿರ. ಒಂದೇ ಟಿಕೆಟ್ಟಿಗೆ ದಿನವಿಡೀ ಕೂರಬಹುದು. ಒಬ್ಬ ಬಂದು ಕೂತಲ್ಲೇ ಕೂತು ಕತೆ ಹೇಳುತ್ತಾನೆ, ಇಬ್ಬರು ಬಂದು ಪರಸ್ಪರ ಕಾಲೆಳೆಯುತ್ತಾರೆ, ಇನ್ನೊಬ್ಬ ಬಿಚ್ಚಿದ ಛತ್ರಿಯ ಮೇಲೆ ಚೆಂಡು ಓಡಿಸುತ್ತಾನೆ. ಒಬ್ಬೊಬ್ಬರು ಬರುವಾಗಲೂ ಬದಿಯಲ್ಲಿ ತಂತಿವಾದ್ಯ, ಮದ್ದಳೆ. ಮಾತು ಅರ್ಧ ತಿಳಿಯಲಿಲ್ಲ, ಆದರೆ ಬಣ್ಣದ ವಾಸನೆ, ಪರದೆಯ ಹಿಂದಿನ ಗಡಿಬಿಡಿ, ಹಲಗೆಯ ಸದ್ದು ಎಲ್ಲ ನಮ್ಮದೇ. ಕತ್ತಲಲ್ಲಿ ಕೂತು ಗಳಗಳ ಅತ್ತೆ. ಪಕ್ಕದಲ್ಲಿದ್ದ ಅಜ್ಜಿ ಗಾಬರಿಯಾಗಿ ಕಾಗದದ ಕರವಸ್ತ್ರ ಕೊಟ್ಟರು.

ಅಲ್ಲಿ ಕಿಕುನೋ-ಸಾನ್ ಎಂಬ ಹಿರಿಯ ಹಾಸ್ಯಗಾರ್ತಿ ಇದ್ದರು; 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಎಪ್ಪತ್ತು ದಾಟಿದವರು, ಮಾತು ಕತ್ತರಿಯ ಹಾಗೆ. ಆಟ ಮುಗಿದ ಮೇಲೆ ಟೀಚರಮ್ಮನನ್ನು ಎಳೆದುಕೊಂಡು ಅವರ ಹತ್ತಿರ ಹೋಗಿ, ನಾನೂ ನಿಮ್ಮ ಕಸುಬಿನವಳು ಅಂದೆ. ಅವರು ಸುಮ್ಮನೆ, "ಹಾಗಾದರೆ ನಾಳೆ ಬಂದು ಚಹಾ ಮಾಡು" ಅಂದರು. ಕಂಪನಿಯಲ್ಲಿ ಗಂಗಕ್ಕನೂ ನನ್ನಿಂದ ಮೊದಲು ಚಹಾ ಮಾಡಿಸಿದ್ದಳು, ಹಾಗಾಗಿ ಅಪಮಾನವೆನಿಸಲಿಲ್ಲ. ಮಗಳನ್ನು ಶಿಶುಶಾಲೆಗೆ ಬಿಟ್ಟು ದಿನಾ ಹೋದೆ. ಚಹಾ, ಕಿಮೊನೊ ಮಡಚುವುದು, ಕಲಾವಿದರು ಕೂರುವ ದಿಂಬನ್ನು ಒಬ್ಬೊಬ್ಬರ ನಡುವೆ ತಿರುವಿ ಹಾಕುವುದು. ಅವರನ್ನು ಶಿಶೋ, ಅಂದರೆ ಗುರು, ಎಂದು ಕರೆಯತೊಡಗಿದೆ. ಕೆಲಸದ ಅನುಮತಿಯೂ ಕೈಗೆ ಬಂದ ಮೇಲೆ, ಚಿನ್ನು ಶಾಲೆಗೆ ಸೇರಿದ ವರ್ಷ, ಅವರು ನನ್ನನ್ನು ರಂಗದ ಮೇಲೆ ತಳ್ಳಿದರು. ಅವತ್ತಿನದೇ ಮೊದಲು ಹೇಳಿದ ನಗು.

"ನೆಲ ಮುಟ್ಟಿದ್ದು ಯಾಕೆ?" ಎಂದು ಶಿಶೋ ಕೇಳಿದರು. ಹೇಳಿದೆ. ಅವರು ನಗಲಿಲ್ಲ. "ಅವರಿಗೆ ಅದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದಕ್ಕೆ ಜನ ಇಲ್ಲಿಗೆ ಬರುವುದೂ ಇಲ್ಲ. ಇಟ್ಟುಕೊಳ್ಳುತ್ತೀಯೋ ಬಿಡುತ್ತೀಯೋ, ನೀನೇ ನೋಡಿಕೋ."

ಎರಡನೆಯ ಸಲ ಬಿಟ್ಟು ನೋಡಿದೆ. ನೆಲದವರೆಗೆ ಬಗ್ಗಲಿಲ್ಲ, ಮುಟ್ಟಲಿಲ್ಲ, ಇಲ್ಲಿಯವರ ಹಾಗೆ ನಡು ಬಗ್ಗಿಸಿ ನಮಸ್ಕರಿಸಿ ನಿಂತೆ. ಎರಡನೆಯ ವಾಕ್ಯ ಮರೆತೆ, ಮೂರನೆಯದು ಕನ್ನಡದಲ್ಲಿ ಬಂತು. ಮುಂದಿನ ಸಲ ಏನಾದರೂ ಆಗಲಿ ಎಂದು ಹಲಗೆಗೆ ಕೈ ಹಾಕಿದೆ. ಮತ್ತೆ ನಕ್ಕರು. ಅದೇ ನಗು, ಅದೇ ಹೆದರಿಕೆ. ಕೈ ನೆಲದ ಮೇಲೇ ಉಳಿಯಿತು, ಎತ್ತಲು ಧೈರ್ಯವಾಗಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ:

"ಸುಮಿಮಾಸೆನ್, ಕ್ಷಮಿಸಿ. ನಡುಗುತ್ತಿರುವುದು ನಾನೇ, ನೆಲವಲ್ಲ. ಯಾರೂ ಏಳಬೇಡಿ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಒಬ್ಬ ಅಜ್ಜ ಊಟದ ಕಡ್ಡಿ ಕೆಳಗೆ ಬೀಳಿಸಿಕೊಂಡರು. ಧಾರವಾಡದ ಕ್ಯಾಂಪಿನಲ್ಲಿ ಸಿಗುತ್ತಿದ್ದ ನಗು ಅದು. ಎಷ್ಟು ವರ್ಷಗಳ ಮೇಲೆ!

ಒಳಗೆ ಬಂದಾಗ ಶಿಶೋ ಚಹಾ ಕುಡಿಯುತ್ತಿದ್ದರು. "ಸಿಕ್ಕಿತಲ್ಲ ನಿನ್ನದು" ಅಂದರು. "ಆದರೆ ಒಂದು ಮಾತು. ಕಸುಬಿಗೆ ಕೊಟ್ಟದ್ದನ್ನು ಆಮೇಲೆ ವಾಪಸ್ಸು ಕೇಳುವ ಹಾಗಿಲ್ಲ."

"ನೀವು ಏನು ಕೊಟ್ಟಿರಿ?"

"ನನ್ನ ಗಂಡನ ಗೊರಕೆ. ಅದನ್ನು ಅನುಕರಿಸಿಯೇ ನಾನು ಹೆಸರಾದದ್ದು. ಅವರು ಹೋಗಿ ಬಹಳ ವರ್ಷವಾಯಿತು. ಈಗ ಅವರ ಗೊರಕೆ ನೆನಪು ಮಾಡಿಕೊಂಡರೆ ನನ್ನದೇ ಕೇಳಿಸುತ್ತದೆ."

ಇದನ್ನು ಅವರು ಸಕ್ಕರೆ ಸಾಕೇ ಎಂದು ಕೇಳುವವರ ಹಾಗೆ ಹೇಳಿದರು. ನನಗೆ ಅವತ್ತು ಆ ಮಾತು ಪೂರ್ತಿ ಇಳಿಯಲಿಲ್ಲ. ಕಿವಿಯಲ್ಲಿ ಇನ್ನೂ ಜನರ ನಗು ತುಂಬಿತ್ತು.

ಅಲ್ಲಿಂದ ಮುಂದೆ ನನ್ನ ಗ್ರಹಗತಿ ಬದಲಾಯಿತು. ಹಲಗೆ ಮುಟ್ಟುವುದು, ಕೈ ಅಲ್ಲೇ ಬಿಡುವುದು, ನೆಲಕ್ಕೆ ಅನುಮಾನದಿಂದ ಕಿವಿ ಕೊಡುವುದು, ಆಮೇಲೆ ಆ ಮಾತು. ಯಾವ ಊರಿನ ಯೋಸೆಗೆ ಹೋದರೂ ಇದು ನಡೆಯಿತು. ಟೋಕಿಯೋದ ಒಂದು ಸಣ್ಣ ತಂಡದವರು ನಾಟಕಕ್ಕೆ ಕರೆದರು. ಬಾಡಿಗೆ ಮನೆ ಹುಡುಕುವ ವಿದೇಶಿ ಹೆಂಗಸಿನ ಪಾತ್ರ. ಅದಕ್ಕೆ ತಾಲೀಮೇ ಬೇಕಾಗಲಿಲ್ಲ. ಅದನ್ನು ನೋಡಿದ ಒಬ್ಬ ತರುಣ ನಿರ್ದೇಶಕ ಸಿನಿಮಾಕ್ಕೆ ಕೇಳಿದ. ಡಬ್ಬಿ ಊಟ ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವ, ಎಲ್ಲದಕ್ಕೂ ಬೆದರುವ ಹೆಂಗಸು. ಮಹಾಂತೇಶ ಕಾರ್ಖಾನೆಯ ಕ್ಯಾಂಟೀನಿನಲ್ಲಿ ತನ್ನ ಮೇಲಧಿಕಾರಿಗೆ, "ನನ್ನ ಹೆಂಡತಿ ಚಿತ್ರನಟಿ" ಎಂದು ಹೇಳಿದನಂತೆ. ಅವರು ಎದ್ದು ನಿಂತು ನಮಸ್ಕಾರ ಮಾಡಿದರಂತೆ. ಊರಲ್ಲಿ ನಾಟಕದವಳನ್ನು ಕಟ್ಟಿಕೊಂಡ ಎಂದು ಅವನ ಚಿಕ್ಕಪ್ಪಂದಿರು ಮದುವೆಗೇ ಬಂದಿರಲಿಲ್ಲ.

ಯೋಕೋಹಾಮಾದ ಹತ್ತಿರ ಚಿತ್ರೀಕರಣ. ಕಾರ್ಖಾನೆಗೆ ಮೊದಲ ದಿನ ಕಾಲಿಡುವ ದೃಶ್ಯದಲ್ಲಿ ನಾನು ನೆಲ ಮುಟ್ಟಬೇಕು. ನಿರ್ದೇಶಕ ಬಹಳ ಒಳ್ಳೆಯ ಹುಡುಗ. ಪ್ರತಿ ಸಲವೂ ತಲೆ ಬಗ್ಗಿಸಿ, "ಸುಮಿಮಾಸೆನ್, ರೇಣು-ಸಾನ್, ಇನ್ನೊಮ್ಮೆ" ಎನ್ನುತ್ತಿದ್ದ. ಕೈ ಇನ್ನಷ್ಟು ನಡುಗಲಿ ಅಂದ. ನಡುಗಿಸಿದೆ. ಕಣ್ಣಿಗೆ ಒತ್ತಿಕೊಳ್ಳುವುದು ನಿಧಾನವಾಗಲಿ ಅಂದ. ನಿಧಾನ ಮಾಡಿದೆ. ಬೆಳಕು ಸರಿಯಿಲ್ಲ, ಇನ್ನೊಮ್ಮೆ. ಟ್ರಾಲಿ ಸದ್ದಾಯಿತು, ಇನ್ನೊಮ್ಮೆ. ಮಧ್ಯಾಹ್ನ ಕಳೆಯಿತು. ಎಷ್ಟನೆಯದೋ ಸಲ ಬಗ್ಗಿದಾಗ ಗಮನಕ್ಕೆ ಬಂತು: ಕೈ ಒಳ್ಳೆ ನಡುಗುತ್ತಿದೆ, ನಾನು ನಡುಗುತ್ತಿಲ್ಲ. ನನ್ನ ಒಳಗಿನ ನಡುಕ ಎಲ್ಲೋ ಹೊಟ್ಟೆಯಲ್ಲಿ ಮುದ್ದೆಯಾಗಿ ಕೂತಿದೆ, ಕೈಗೂ ಅದಕ್ಕೂ ಸಂಬಂಧವಿಲ್ಲ. ನೆಲ ಮುಟ್ಟಿದೆ, ಏನೂ ಹೋಗಲಿಲ್ಲ. ಕಣ್ಣಿಗೆ ಒತ್ತಿಕೊಂಡೆ, ಏನೂ ಬರಲಿಲ್ಲ. ಬರೀ ಸಿಮೆಂಟು.

"ಅದ್ಭುತ!" ಎಂದು ನಿರ್ದೇಶಕ ಕೂಗಿದ. ಆ ಸಲದ್ದೇ ಸಿನಿಮಾದಲ್ಲಿ ಉಳಿಯಿತು.

ಶಿಶೋ ಹೇಳಿದ ಗೊರಕೆ ಆಗ ಅರ್ಥವಾಯಿತು. ಅವತ್ತಿನಿಂದ ಹಿಡಿದ ಹೆದರಿಕೆ ಬೇರೆ ತರಹದ್ದು. ಮೌನದ ಹೆದರಿಕೆ, ಭೂಕಂಪದ ಹೆದರಿಕೆ ಇವೆಲ್ಲ ಹೊರಗಿನಿಂದ ಬರುವಂಥವು, ಬಂದು ಹೋಗುತ್ತವೆ. ಇದು ಹಾಗಲ್ಲ. ಮೊದಲು ರಂಗ ಹತ್ತುವ ಮುಂಚಿನ ನಡುಕವನ್ನು ನೆಲ ತೆಗೆದುಕೊಳ್ಳುತ್ತಿತ್ತು. ಈಗ ಅದನ್ನು ಜನಕ್ಕೆ ತೋರಿಸುತ್ತೇನೆ, ಅವರು ನಗುತ್ತಾರೆ, ನಡುಕ ಹಾಗೇ ನನ್ನ ಹತ್ತಿರವೇ ಉಳಿಯುತ್ತದೆ. ಆಟಕ್ಕೆ ಹೋಗುವ ದಿನ ಬೆಳಿಗ್ಗೆಯಿಂದಲೇ ಕೈ ಮಂಜುಗಡ್ಡೆ. ಅನ್ನ ಸೇರುವುದಿಲ್ಲ. ಪರದೆಯ ಹಿಂದೆ ಯಾರೂ ಕಾಣದ ಕಡೆ ಮುಟ್ಟಿ ನೋಡಿದೆ. ಅಲ್ಲೂ ನನ್ನ ಕೈ ತನಗೆ ತಾನೇ ಅರೆಕ್ಷಣ ನಿಂತು ನಗುವಿಗೆ ಕಾಯುತ್ತಿತ್ತು. ಮಹಾಂತೇಶನಿಗೆ ಹೇಳಿದೆ.

"ಸುಸ್ತಾಗೇತಿ ನಿನಗ. ನಾಕ ದಿನಾ ರಜಾ ತಗೋ" ಅಂದ. ಅವನು ಯಂತ್ರಗಳ ಮನುಷ್ಯ, ರಿಪೇರಿಯಾಗದ್ದು ಇರುತ್ತದೆ ಎಂದು ನಂಬುವುದಿಲ್ಲ.

ಸಿನಿಮಾದ ಆ ತುಣುಕು ಫೋನಿನಿಂದ ಫೋನಿಗೆ ಹಾರಿ ಗದಗಿಗೂ ಹೋಯಿತು. ಗಂಗಕ್ಕ ಈಗ ತಮ್ಮನ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಮಂಜು, ಆದರೂ ನೋಡಿದ್ದಾಳೆ. ಫೋನು ಮಾಡಿದಳು.

"ಚೊಲೋ ನಗಸೀಯವ್ವ. ನಮ್ಮ ಮನ್ಯಾಗ ಸಣ್ಣ ಹುಡುಗರೆಲ್ಲಾ ಹಂಗ ಮಾಡಾಕತ್ತಾವ."

"ಸಿಟ್ಟ ಬಂತೇನ, ಅಕ್ಕಾ?"

"ಸಿಟ್ಟ ಯಾಕವ್ವ? ಹೊಟ್ಟಿ ಪಾಡು. ನಾವೇನ ಕಡಿಮಿ ಮಾಡೀವೇನ? ನಾ ಒಂದ ಕೇಳಬೇಕಂತಿದ್ದೆ ಅಷ್ಟ. ಈಗ ಖರೇ ನಡುಕ ಬಂದ್ರ, ಏನ ಮುಟ್ಟತೀಯವ್ವ?"

ಲೈನು ಸರಿಯಿಲ್ಲ ಎಂದು ಫೋನಿಟ್ಟೆ.

ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಚಿನ್ನುವಿನ ವಿಷಯಕ್ಕೆ. ಇಲ್ಲೇ ಬೆಳೆದ ಹುಡುಗಿ, ನನ್ನ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಜಪಾನಿಯಲ್ಲಿ. ಅವಳ ತರಗತಿಯ ಮಕ್ಕಳು ಅವಳನ್ನು ಕಂಡರೆ ಬಗ್ಗಿ ನೆಲ ಮುಟ್ಟಿ ಗಡಗಡ ನಡುಗಿ ತೋರಿಸುತ್ತಾರಂತೆ. ಇದನ್ನು ಅವಳು ನನಗೆ ಹೇಳಲಿಲ್ಲ, ಸ್ಮಿತಾಳ ಮಗ ಹೇಳಿದ್ದು. ಗಂಗಕ್ಕನ ಮಾತನ್ನು ನಾನು ಮಗಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಗೊತ್ತಿರುವುದು ಜನ ನಗುವ ನಮಸ್ಕಾರ ಒಂದೇ. ನನ್ನ ಕೈಯಿಂದ ಹೋದದ್ದು ಹೋಯಿತು, ಇವಳಿಗೆ ಬರುವ ಮೊದಲೇ ಹೋಯಿತಲ್ಲ ಎಂದು ಕೊರಗುತ್ತಿದ್ದೆ.

ಹಾಗಿರುವಾಗ ಅವಳ ಶಾಲೆಯಲ್ಲಿ ಮಕ್ಕಳ ನಾಟಕ ಬಂತು. ಕಾಡಿನ ಪ್ರಾಣಿಗಳೆಲ್ಲ ಸೇರಿ ಕಳೆದುಹೋದ ಚಂದ್ರನನ್ನು ಹುಡುಕುವ ಕತೆ. ಇವಳು ಅಳಿಲು. ಒಂದೇ ಮಾತು: "ಮರದ ಮೇಲಿನಿಂದ ನೋಡಿದೆ, ಅಲ್ಲೂ ಇಲ್ಲ." ಆ ಒಂದು ಮಾತನ್ನು ಮನೆಯಲ್ಲಿ ಸ್ನಾನ ಮಾಡುವಾಗ, ಹಲ್ಲುಜ್ಜುವಾಗ ಹೇಳಿಕೊಳ್ಳುತ್ತಿದ್ದಳು. ಅವತ್ತು ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತ ಮುಖ ಎತ್ತದೆ ಹೇಳಿದಳು:

"ಅವ್ವಾ, ಹಿಂದ ಕೂಡ್ರು. ಮುಂದ ಬ್ಯಾಡ. ನಗಬ್ಯಾಡ."

"ಯಾಕ?"

"ಎಲ್ರೂ ನಿನ್ನ ನೋಡ್ತಾರ."

ಶಾಲೆಯ ಒಳಾಂಗಣ ಕ್ರೀಡಾಂಗಣದಲ್ಲೇ ರಂಗ. ನಾವೆಲ್ಲ ಬೂಟು ಹೊರಗೆ ಬಿಟ್ಟು, ಒಳಗೆ ಹಾಕಲೆಂದು ಮನೆಯಿಂದ ತಂದ ಚಪ್ಪಲಿಗೆ ಕಾಲು ತೂರಿಸಿ, ಮಡಚುವ ಕುರ್ಚಿಗಳ ಮೇಲೆ ಕೂತೆವು. ಉಳಿದ ಅಪ್ಪಂದಿರೆಲ್ಲ ಕ್ಯಾಮೆರಾ ಹಿಡಿದು ನಿಂತಿದ್ದರು. ನಾನು ಕೊನೆಯ ಸಾಲಿನಲ್ಲಿ ಕಂಬದ ಮರೆಯಲ್ಲಿ, ತಲೆಗೆ ಟೋಪಿ ಎಳೆದುಕೊಂಡು ಕೂತೆ. ಎಷ್ಟೋ ಸಾವಿರ ಜನರ ಮುಂದೆ ನಿಂತವಳು, ಅವತ್ತು ಮಹಾಂತೇಶನ ತೋಳು ಹಿಡಿದಿದ್ದೆ.

ಮೊಲ ಬಂತು, ನರಿ ಬಂತು. ಆಮೇಲೆ ಬದಿಯ ಪರದೆ ಅಲುಗಿ, ಕಂದು ಬಾಲ ಕಟ್ಟಿಕೊಂಡ ಚಿನ್ನು ಕಂಡಳು. ಬರಲಿಲ್ಲ. ಅಲ್ಲೇ ನಿಂತಳು. ಟೀಚರು ಹಿಂದಿನಿಂದ ಏನೋ ಪಿಸುಗುಟ್ಟಿದ್ದು ಕಂಡಿತು. ಆಗ ಅವಳು ಬಗ್ಗಿದಳು. ಬಲಗೈಯನ್ನು ಹಲಗೆಗೆ ಮುಟ್ಟಿಸಿದಳು.

ಮುಂದಿನ ಸಾಲುಗಳಲ್ಲಿ ಕೂತಿದ್ದ ಬೇರೆ ತರಗತಿಯ ಮಕ್ಕಳಲ್ಲಿ ಕಿಸಕ್ಕೆನ್ನುವ ಸದ್ದು. ಒಬ್ಬ ಗಡಗಡ ನಡುಗಿ ತೋರಿಸಿದ. ಈಗ ಇವಳು ಕೈ ಅಲ್ಲೇ ಬಿಡುತ್ತಾಳೆ, ಕಿವಿ ಕೊಡುತ್ತಾಳೆ, ನನ್ನ ಮಾತು ಹೇಳುತ್ತಾಳೆ, ಎಲ್ಲರೂ ನಗುತ್ತಾರೆ ಎಂದು ಕಾದೆ. ಹಾಗೆ ಮಾಡದಿರಲಿ ಎಂದು ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ.

ಅವಳು ಯಾರ ಕಡೆಯೂ ನೋಡಲಿಲ್ಲ. ಕೈಯನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡು, ನಡುವೆ ಬಂದು ನಿಂತು, ಕೊನೆಯ ಸಾಲಿಗೆ ಕೇಳುವ ಹಾಗೆ ಹೇಳಿದಳು, "ಮರದ ಮೇಲಿನಿಂದ ನೋಡಿದೆ, ಅಲ್ಲೂ ಇಲ್ಲ." ಆ ಗಂಟಲು ನನ್ನದು. ಕಿಸಕ್ಕೆಂದ ಮಕ್ಕಳು ಸುಮ್ಮನಾದರು. ಮಹಾಂತೇಶ ಯಾವಾಗಿನಂತೆ ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟಿದ.

ಮನೆಗೆ ಬರುವ ದಾರಿಯಲ್ಲಿ ಅವನು ಕೊಂಬಿನಿಗೆ, ಅಂದರೆ ಮೂಲೆ ಮೂಲೆಗೂ ಇರುವ ಇಲ್ಲಿಯ ಸಣ್ಣ ಅಂಗಡಿಗೆ, ತಿನ್ನಲು ತರಲು ಹೋದ. ನಾವಿಬ್ಬರು ಹೊರಗೆ ಕಟ್ಟೆಯ ಮೇಲೆ ಕೂತೆವು. ಚಿನ್ನು ಬಾಲವನ್ನು ಇನ್ನೂ ಬಿಚ್ಚಿರಲಿಲ್ಲ. ಕೇಳಲು ಹೆದರಿಕೆ, ಕೇಳದೆ ಇರಲಾಗದು.

"ಚಿನ್ನು, ನೆಲಾ ಯಾಕ ಮುಟ್ಟಿದಿ?"

"ನೋಡಿದ್ಯಾ?" ಕಿವಿ ಕೆಂಪಾದವು. ಆಮೇಲೆ ಬಾಲದ ತುದಿ ತಿರುವುತ್ತ, "ಕೊವಾಕತ್ತಾ" ಅಂದಳು. ಹೆದರಿಕೆಯಾಗಿತ್ತು, ಎಂದು.

"ಯಾರ ಹೇಳಿಕೊಟ್ರು?"

"ಯಾರೂ ಇಲ್ಲ. ನೀ ಮಾಡ್ತೀಯಲಾ."

"ನಾ ನಗಸಾಕ ಮಾಡ್ತೀನಿ."

ಅವಳು ನನ್ನ ಮುಖವನ್ನು, ಸುಳ್ಳು ಹೇಳುವ ಮಕ್ಕಳನ್ನು ಟೀಚರು ನೋಡುವ ಹಾಗೆ ನೋಡಿದಳು. "ಉಸೋ. ಸುಳ್ಳು. ನೀ ಹೋಗೂ ದಿನಾ ನಿನ್ನ ಕೈ ತಣ್ಣಗಿರತೈತಿ. ನಾ ರೈಲಿನ್ಯಾಗ ಹಿಡಕೊಂಡಾಗ. ಯಾವಾಗ್ಲೂ."

ಸಭಾಂಗಣದ ಜನ ನನ್ನ ಕೈ ನಡುಗುವುದನ್ನು ನೋಡಿ ನಕ್ಕಿದ್ದರು, ನಿರ್ದೇಶಕ ಅದನ್ನು ಹತ್ತಿರದಿಂದ ತೆಗೆದಿದ್ದ, ನಾನೇ ಅದು ಸುಳ್ಳು ನಡುಕ ಎಂದು ನಂಬಿಬಿಟ್ಟಿದ್ದೆ. ಕೈ ಹಿಡಿದು ನೋಡಿದವಳು ಇವಳೊಬ್ಬಳೇ.

"ಮುಟ್ಟಿದ ಮ್ಯಾಲೆ ಹೋತೇನ, ಹೆದರಿಕಿ?"

ಹೆಬ್ಬೆರಳಿನ ತುದಿಗೆ ತೋರುಬೆರಳು ತಂದು ಇಷ್ಟೇ ಇಷ್ಟು ಹೋಯಿತು ಎಂದು ತೋರಿಸಿದಳು.

ನನ್ನ ನಡುಕವನ್ನು ಮೊದಲು ಇಸಿದುಕೊಂಡ ಹಲಗೆ ಗದಗಿನಲ್ಲಿ ಯಾವುದೋ ಗೋದಾಮಿನಲ್ಲಿ ಬಿದ್ದಿರಬೇಕು, ಇಲ್ಲವೇ ಒಲೆಗೆ ಹೋಗಿರಬೇಕು. ಇವಳದನ್ನು ಇಸಿದುಕೊಂಡದ್ದು ನಗೋಯಾದ ಶಾಲೆಯೊಂದರ ಹಲಗೆ, ತಾನೇ ನಡುಗುವ ನೆಲದ ಮೇಲೆ ಇರುವಂಥದ್ದು. ನನಗೆ ಈ ನೆಲ ಪೂರಾ ನನ್ನದು ಅನಿಸುವುದಿಲ್ಲ, ಮುಂದೆಯೂ ಅನಿಸಲಿಕ್ಕಿಲ್ಲ. ಊರಿಗೆ ಹೋದರೆ ಅಲ್ಲಿಯ ಮಕ್ಕಳು ನನ್ನನ್ನು ನೋಡಿ ಬಗ್ಗಿ ನಡುಗಿ ತೋರಿಸುತ್ತವೆ, ಅದೂ ಈಗ ಮೊದಲಿನ ಊರಲ್ಲ. ಇವಳಿಗೆ ಮಾತ್ರ ಇದೇ ನೆಲ, ಬೇರೆ ಯಾವುದೂ ಗೊತ್ತಿಲ್ಲ. ಗಂಗಕ್ಕನಿಗೆ ಫೋನು ಮಾಡಿ ಹೇಳಬೇಕು, ಅವಳ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇಲ್ಲ, ಆದರೆ ಅವಳ ಮಾತು ಒಂದು ಅಳಿಲಿಗೆ ಮುಟ್ಟಿದೆ ಎಂದು.

ಮಹಾಂತೇಶ ಅನ್ನದುಂಡೆಗಳ ಚೀಲ ಹಿಡಿದು ಅಂಗಡಿಯಿಂದ ಹೊರಬರುತ್ತಿದ್ದ. ಚಿನ್ನು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಬಾಲದ ಕೆಳಗೆ ಮುಚ್ಚಿಟ್ಟಳು.

"ನಾಳೆ ನಿಂದು ಆಟ ಐತಲಾ. ಹೆದರಿಕಿ ಆಗತೈತಿ?"

"ಆಗತೈತಿ."

"ಬಹಳ?"

"ಬಹಳ."

ಅವಳು, ಹೆದರುವವಳು ತಾನೊಬ್ಬಳೇ ಅಲ್ಲ ಎಂದು ಸಮಾಧಾನವಾದವಳ ಹಾಗೆ, ನಿಟ್ಟುಸಿರು ಬಿಟ್ಟು ನನಗೆ ಒರಗಿಕೊಂಡಳು. "ಯೋಕತ್ತಾ" ಅಂದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸದ್ಯ.